ಅಜ್ಜಿಯ ಕೋಳಿಗೆ ಎಷ್ಟು ಮರಿ?

ನಮ್ಮಜ್ಜಿ ಹೇಳುವ ಕೋಳಿ ಕತೆಯಲ್ಲಿ ಮರಿಗಳ ಲೆಕ್ಕ ಯಾವತ್ತೂ ಒಂದೇ ಇರುವುದಿಲ್ಲ. ಕತೆ ಕೇಳಲು ಎಷ್ಟು ಮಕ್ಕಳು ಕೂತಿರುತ್ತಾರೋ ಅಷ್ಟೇ ಮರಿ. ದಸರಾ ರಜೆಗೆ ನಾವೆಲ್ಲ ಸೇರಿದರೆ ಏಳು ಮರಿ. ನನಗೆ ಜ್ವರ ಬಂದು ಒಬ್ಬಳೇ ಮಲಗಿದ್ದ ರಾತ್ರಿ ಒಂದೇ ಮರಿ. "ಉಳಿದ ಮೊಟ್ಟೆ ಏನಾದ್ವು?" ಅಂತ ಕೇಳಿದ್ದಕ್ಕೆ, "ಅವೂ ಒಡೀತವೆ, ಮೊದ್ಲು ನಿಂಗೆ ಜ್ವರ ಬಿಡ್ಲಿ" ಅಂದಿದ್ದಳು.

ಈ ಕತೆಯನ್ನ ಮಕ್ಕಳ ಚಿತ್ರಪುಸ್ತಕ ಮಾಡಬೇಕು ಅಂತ ಕೂತವಳು ನಾನು. ಚಿತ್ರ ಬರೆಯುವುದೇ ನನ್ನ ಹೊಟ್ಟೆಪಾಡು. ಪಠ್ಯಪುಸ್ತಕಕ್ಕೆ ಎಲೆಯ ಭಾಗಗಳು, ಆ್ಯಪ್‌ಗಳಿಗೆ ನಗುವ ಮುಖಗಳು, ಆರೋಗ್ಯ ಇಲಾಖೆಯ ಕರಪತ್ರಕ್ಕೆ ಸೊಳ್ಳೆ, ಹೀಗೆ ಯಾರು ಏನು ಕೇಳಿದರೂ ಬರೆದುಕೊಟ್ಟಿದ್ದೇನೆ. ಯಾವುದೂ ಇಷ್ಟು ಕಷ್ಟ ಕೊಟ್ಟಿರಲಿಲ್ಲ. ಕತೆ ಬಾಯಿಪಾಠ ಬರುತ್ತದೆ, ಕೈಯಲ್ಲಿ ಮೂಡುವುದಿಲ್ಲ.

ಕತೆ ಚಿಕ್ಕದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಅಜ್ಜಿಯ ತವರೂ ಅದರಲ್ಲಿ ಒಂದು. ಅಜ್ಜಿ ಆಗ ಹತ್ತು ಹನ್ನೊಂದರ ಹುಡುಗಿ. ಊರು ಬಿಡುವ ಹೊತ್ತಿಗೆ ಮನೆಯ ಹ್ಯಾಟೆ ಕಾವಿಗೆ ಕೂತಿತ್ತು. ಕಾವಿಗೆ ಕೂತ ಕೋಳಿ ಮರಿ ಮಾಡಲು 21 ದಿನ ಬೇಕು. ನೀರು ಅಷ್ಟು ದಿನ ಕಾಯುವ ಹಾಗಿರಲಿಲ್ಲ. "ಕೋಳಿ ಬಿಟ್ಟು ಬಾ, ಬೇರೆ ತರೋಣ" ಅಂದ ಅಜ್ಜಿಯ ಅಪ್ಪ. ಹುಡುಗಿ ಜಗ್ಗಲಿಲ್ಲ. ಕೊನೆಗೆ ಅವಳ ಅಮ್ಮ ಭೂಮಣ್ಣಿ ಬುಟ್ಟಿ ಇಳಿಸಿ, ಹೊಟ್ಟು ಹಾಸಿ, ಮೊಟ್ಟೆ ಜೋಡಿಸಿ, ಕತ್ತಲಾದ ಮೇಲೆ ಕೋಳಿಯನ್ನ ಎತ್ತಿ ಅದರಲ್ಲಿ ಕೂರಿಸಿದಳು. ಮೇಲೊಂದು ಹಳೆ ಸೀರೆ ಮುಚ್ಚಿದಳು. ಬೆಳಿಗ್ಗೆ ದೋಣಿ ಹೊಳೆಯ ನಡುವೆ ಇದ್ದಾಗ ಸೀರೆಯೊಳಗಿಂದ 'ಚಿಂವ್' ಅಂತ ಕೇಳಿತು. ಅಷ್ಟೇ ಕತೆ. ಅಲ್ಲಿಂದ ಮುಂದೆ ಮರಿಗಳಿಗೆ ಹೆಸರಿಡುವ ಕೆಲಸ. ಕೂತಿರುವ ಮಕ್ಕಳದೇ ಹೆಸರು.

ಭೂಮಣ್ಣಿ ಬುಟ್ಟಿ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಭೂಮಿ ಹುಣ್ಣಿಮೆ ದಿನ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಗದ್ದೆಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ಪೈರು ಹೊಡೆ ತುಂಬಿರುವ ಕಾಲ. ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಹೊರಡುತ್ತಾರೆ. ಆ ಊಟ ಹೊರುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿರುತ್ತಾರೆ. ಇಂಥ ಬುಟ್ಟಿಯಲ್ಲಿ ಕೋಳಿ ಕೂತಿತು ಅನ್ನುವುದೇ ನನಗೆ ಕತೆಯ ಜೀವ. ಅಜ್ಜಿಯ ಅಮ್ಮ ಹೇಳಿದಳಂತೆ: "ಬಸುರಿಗೆ ಊಟ ಹೊತ್ತ ಬುಟ್ಟಿ. ಇದೂ ಬಸುರೇ ಅಲ್ವಾ?"

ಬಾಯಲ್ಲಿ ಹೇಳುವಾಗ ಇದೆಲ್ಲ ಸಲೀಸು. "ಒಂದು ಮನೆ ಇತ್ತು" ಅಂದರೆ ಮುಗಿಯಿತು, ಕೇಳುವವರು ತಮ್ಮ ತಮ್ಮ ಮನೆ ಕಟ್ಟಿಕೊಳ್ಳುತ್ತಾರೆ. ಪೆನ್ಸಿಲ್ ಹಿಡಿದ ಕೂಡಲೇ ಪ್ರಶ್ನೆಗಳು ಸಾಲಾಗಿ ನಿಲ್ಲುತ್ತವೆ. ಮನೆಗೆ ಹುಲ್ಲಿನ ಮಾಡೋ ಹೆಂಚೋ? ಬಾಗಿಲು ಯಾವ ಕಡೆ? ಕೋಳಿ ಕೆಂಪೋ ಕರಿಯೋ? ಹುಡುಗಿಗೆ ಲಂಗವೋ ಫ್ರಾಕೋ? ದೋಣಿಯಲ್ಲಿ ಎಷ್ಟು ಜನ? ಅಜ್ಜಿ ಯಾವುದನ್ನ ಬಾಯಿ ಬಿಟ್ಟು ಹೇಳಿಲ್ಲವೋ ಅದನ್ನೆಲ್ಲ ನಾನು ಹೇಳಬೇಕು. ಹೇಳಿದರೆ ಅದೇ ಕಾಯಂ ಆಗಿಬಿಡುತ್ತದೆ. ಇನ್ನು ಮುಂದೆ ಈ ಕತೆ ಓದುವ ಮಗುವಿಗೆ ಆ ಕೋಳಿ ನಾನು ಬಳಿದ ಬಣ್ಣದ್ದೇ. ಇದು ನನಗೆ ನಿಜವಾಗಿ ಭಯ ಹುಟ್ಟಿಸಿತು.

ಮನೆಯಿಂದಲೇ ಶುರು ಮಾಡಿದೆ. ಆ ಮನೆಯ ಒಂದು ಫೋಟೊ ಕೂಡ ಇಲ್ಲ. ಆ ಕಾಲದಲ್ಲಿ ನಮ್ಮಂಥವರ ಮನೆಯನ್ನ ಯಾರು ಫೋಟೊ ಹೊಡೆಯುತ್ತಿದ್ದರು? ಅಜ್ಜಿಯನ್ನೇ ಕೇಳಿದೆ. ಜಗಲಿಯ ಮೇಲೆ ಕೂತು, ಎಲೆಯಡಿಕೆ ಬಟ್ಟಲಿನಿಂದ ಅಡಿಕೆ ತೆಗೆದು ಒಂದೊಂದೇ ಇಡುತ್ತಾ ಹೋದಳು. ಇದು ಒಲೆ. ಇದು ಒರಳು. ಇಲ್ಲಿ ಕೊಟ್ಟಿಗೆ, ಇಲ್ಲಿ ಬಚ್ಚಲು, ಬಚ್ಚಲಿನ ನೀರು ಹೋಗುವ ಕಡೆ ಬಾಳೆ. ಕೋಳಿ ಕೂತಿದ್ದು ಕೊಟ್ಟಿಗೆಯ ಮೂಲೆ, ಗೊಬ್ಬರದ ಬುಟ್ಟಿ ಬೋರಲು ಹಾಕುತ್ತಿದ್ದ ಜಾಗದ ಪಕ್ಕ. ನಾನು ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಸಂಜೆ ಯಾರೋ ನೆಂಟರು ಬಂದರು, ಅಜ್ಜಿ ಒಲೆಯನ್ನ ಎತ್ತಿ ಕತ್ತರಿಸಿ ಅವರಿಗೆ ಕೊಟ್ಟಳು.

ಅಜ್ಜಿಗೆ ಒಬ್ಬಳು ಅಕ್ಕ. ನಾವು ದೊಡ್ಡಜ್ಜಿ ಅನ್ನುತ್ತೇವೆ. ಹೊಳೆಯಾಚೆ, ತುಮರಿ ಕಡೆಗೆ ಮದುವೆಯಾದವಳು. ಮುಳುಗಡೆಗೆ ಮುಂಚೆ, ಅದೇ ಬೇಸಿಗೆಯಲ್ಲಿ ಅವಳ ಮದುವೆ. "ಹುಟ್ಟಿದ ಮನೇಲೇ ಧಾರೆ ಆಗ್ಲಿ" ಅಂತ ಅವಸರ ಮಾಡಿದರಂತೆ. ಅವಳ ಹತ್ತಿರ ಹೋಗಿ ಅಡಿಕೆಯ ಫೋಟೊ ತೋರಿಸಿದೆ. ನೋಡಿದವಳೇ ಬಾಗಿಲನ್ನ ಕಿತ್ತು ಇನ್ನೊಂದು ಗೋಡೆಗೆ ಇಟ್ಟಳು. "ಅವ್ಳಿಗೇನು ಗೊತ್ತು, ಚೋಟುದ್ದ ಇದ್ಲು. ಹಸೆ ಮುಂದೆ ನಿಂತವ್ಳು ನಾನು. ಬೆಳಿಗ್ಗೆ ಬಿಸಿಲು ಸೀದಾ ನನ್ನ ಮುಖಕ್ಕೆ ಹೊಡೀತಿತ್ತು." ಅಜ್ಜಿಯ ಲೆಕ್ಕದಲ್ಲಿ ಆ ಗೋಡೆಗೆ ಕಿಟಕಿಯೂ ಇಲ್ಲ!

ಬಿಸಿಲಿನ ಸಾಕ್ಷಿ ಗಟ್ಟಿ. ಆದರೆ ಕತೆ ಅಜ್ಜಿಯದು. ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಇಡೀ ಪುಸ್ತಕವನ್ನ ಆ ಹುಡುಗಿಯ ಕಣ್ಣಿನ ಎತ್ತರದಲ್ಲೇ ಬರೆಯುವುದು. ಅವಳು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತಾಗ ಏನು ಕಾಣುತ್ತದೋ ಅಷ್ಟೇ. ಹೊಸ್ತಿಲು, ಹಸುವಿನ ಕಾಲು, ಅಮ್ಮನ ಸೀರೆಯ ಅಂಚು, ಬೀಸುಕಲ್ಲಿನ ಕೆಳಗಿನ ನೆರಳು. ಮನೆ ಪೂರ್ತಿಯಾಗಿ ಒಂದು ಪುಟದಲ್ಲೂ ಕಾಣುವುದಿಲ್ಲ. ಯಾರ ಬಾಗಿಲೂ ಸುಳ್ಳಾಗುವುದಿಲ್ಲ. ಮಾಡು ಬೇಡ, ದೊಡ್ಡವರ ಮುಖಗಳೂ ಜಾಸ್ತಿ ಬೇಡ. ಇದು ಹೊಳೆದ ಮೇಲೆ ಮೊದಲ ಬಾರಿಗೆ ಕೈ ಹಗುರಾಯಿತು.

ಆಮೇಲೆ ನೀರು.

ಪುಸ್ತಕ ಮಾಡಲು ಒಪ್ಪಿದ ಸಣ್ಣ ಪ್ರಕಾಶನದ ಸಂಪಾದಕರು ಒಳ್ಳೆಯವರು, ತಾಳ್ಮೆಯವರು. ಆದರೆ ನನ್ನ ಮೊದಲ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ನೋಡಿ ಅವರು ಹೇಳಿದ್ದು, "ನೀರು ಇನ್ನೂ ಜೋರಾಗಿ ಬರಬೇಕು, ಮಕ್ಕಳಿಗೆ ಭಯ ಆಗಬೇಕು, ಒಂದು ದೊಡ್ಡ ಅಲೆ ಹಾಕಿ." ಅವರ ಮನಸ್ಸಿನಲ್ಲಿ ಇದ್ದದ್ದು ನೆರೆ. ಅಣೆಕಟ್ಟಿನ ನೀರು ಹಾಗೆ ಬರುವುದಿಲ್ಲ. ಅದಕ್ಕೆ ಸದ್ದಿಲ್ಲ, ಸೆಳವಿಲ್ಲ. ಇವತ್ತು ಗದ್ದೆಯ ಬದುವಿನ ಹತ್ತಿರ ಇರುತ್ತದೆ. ನಾಳೆ ಬದು ಕಾಣುವುದಿಲ್ಲ. ನಾಡಿದ್ದು ಬಾವಿಕಟ್ಟೆಯ ಹತ್ತಿರ. ಅಜ್ಜಿ ಕತೆ ಹೇಳುವಾಗ ಒಂದು ಸಲವೂ ನೀರನ್ನ ಬೈಯುವುದಿಲ್ಲ. "ನೀರು ಬಂತು. ಅಂಗಳಕ್ಕೆ ಬಂತು. ಮೆಟ್ಟಿಲಿಗೆ ಬಂತು" ಅನ್ನುತ್ತಾಳೆ. ಮನೆಗೆ ಯಾರೋ ಬಂದ ಹಾಗೆ. ನನಗೆ ಚಿಕ್ಕವಳಿದ್ದಾಗ ಹೆಚ್ಚು ಭಯ ಆಗುತ್ತಿದ್ದುದೇ ಅದಕ್ಕೆ. ಓಡಿಸುವ ಹಾಗಿಲ್ಲ, ಜಗಳ ಆಡುವ ಹಾಗಿಲ್ಲ.

ನಿಧಾನವನ್ನ ಚಿತ್ರದಲ್ಲಿ ತೋರಿಸುವುದು ಹೇಗೆ? ಒಂದು ಚಿತ್ರ ಅಂದರೆ ಒಂದು ಕ್ಷಣ. ಇದಕ್ಕೆ ದಾರಿ ಸಿಕ್ಕಿದ್ದು ಹಿನ್ನೀರಿನ ದಡದಲ್ಲಿ. ಬೇಸಿಗೆಯಲ್ಲಿ ಅಪ್ಪನ ಜೊತೆ ಹೋಗಿದ್ದೆ. ಲಿಂಗನಮಕ್ಕಿ ತುಂಬಿದರೆ ನೀರು ಸಮುದ್ರಮಟ್ಟದಿಂದ 1819 ಅಡಿ. ನಮ್ಮ ಕಡೆ ಮಳೆಗಾಲದಲ್ಲಿ ಈ ಸಂಖ್ಯೆ ಎಲ್ಲರ ಬಾಯಲ್ಲೂ ಇರುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿಯುತ್ತದೆ. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿ ಬಂದ ಮೇಲೆ ತಾನೇ ಮುಳುಗಿತು. ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಜ್ಜಿಯ ಊರು ಹಾಗೆ ಕಾಣುವುದಿಲ್ಲ. ಅದು ಆಳದಲ್ಲಿದೆ. ಅಪ್ಪ ಕೈ ಚಾಚಿ "ಅಲ್ಲೆಲ್ಲೋ" ಅಂದ. ಅಲ್ಲಿ ಇದ್ದದ್ದು ನೀರು, ಅದರೊಳಗಿಂದ ಎದ್ದ ಕರೀ ಮರದ ಬೊಡ್ಡೆಗಳು. ನಾನು ನೋಡುತ್ತಾ ನಿಂತದ್ದು ಬೊಡ್ಡೆಗಳನ್ನಲ್ಲ, ದಡವನ್ನ. ನೀರು ಇಳಿದಷ್ಟೂ ಕೆಂಪು ಮಣ್ಣಿನ ಮೇಲೆ ಗೆರೆ ಬಿಟ್ಟಿತ್ತು. ಒಂದರ ಕೆಳಗೊಂದು, ಗುಡ್ಡದ ಸುತ್ತಲೂ, ಒಂದೇ ಸಮ.

ಆ ಗೆರೆಗಳನ್ನೇ ಪುಸ್ತಕಕ್ಕೆ ತಂದೆ. ಹೊಸ್ತಿಲಿನಿಂದ ಕಾಣುವ ಅಂಗಳದ ಚಿತ್ರ ಒಂದೇ. ಅದೇ ಬೇಲಿ, ಅದೇ ತುಳಸಿಕಟ್ಟೆ, ಅದೇ ಅಡಿಕೆ ದಬ್ಬೆ. ಜೋಡಿ ಪುಟ ತಿರುವಿದ ಹಾಗೆ ನೀರಿನ ಗೆರೆ ಒಂದೊಂದೇ ಮೇಲಕ್ಕೆ. ಮೊದಲ ಸಲ ಮಗುವಿಗೆ ಅದು ಗಮನಕ್ಕೇ ಬರಬಾರದು. ಎರಡನೇ ಸಲ "ಅರೆ, ಬೇಲಿ ಎಲ್ಲಿ?" ಅನ್ನಿಸಬೇಕು. ಪುಟದ ಕೆಳಗೆ ಕೂತಿದ್ದ ಅಕ್ಷರಗಳು ಕೂಡ ನೀರು ಬಂದ ಹಾಗೆ ಮೇಲೆ ಹೋಗುತ್ತವೆ. ಕೊನೆಗೆ ಪುಟದ ನೆತ್ತಿಯಲ್ಲಿ ಒಂದೇ ಸಾಲು.

ಕೇಳಲು ಚೆಂದ. ಮಾಡುವಾಗ ಕನ್ನಡ ಅಕ್ಷರ ಸತಾಯಿಸಿತು. ನಮ್ಮ ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿಯುತ್ತದೆ. 'ಹಟ್ಟಿ', 'ಮೆಟ್ಟಿಲು', 'ಮೊಟ್ಟೆ', ಕತೆಯ ಮುಖ್ಯ ಪದಗಳಿಗೆಲ್ಲ ಒತ್ತು! ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದಲು ಆಗಷ್ಟೇ ಕಲಿತ ಮಗುವಿಗೆ ಅಕ್ಷರ ದೊಡ್ಡದಿರಬೇಕು ಬೇರೆ. ನೀರಿಗೂ ಅಕ್ಷರಕ್ಕೂ ಜಾಗದ ಜಗಳ. ಹಾಗಾಗಿ ಮಾತು ಕಡಿಮೆ ಮಾಡಿದೆ. ಕೆಲವು ಪುಟಗಳಲ್ಲಿ ಈಗ "ನೀರು ಬಂತು" ಅಷ್ಟೇ ಇದೆ. ಅಜ್ಜಿ ಹೇಳುವುದೂ ಅಷ್ಟೇ ಆದ್ದರಿಂದ ನನಗೆ ಸಮಾಧಾನ. ಸಂಪಾದಕರು ಹೊಸ ಡಮ್ಮಿಯನ್ನ ಎರಡು ಸಲ ತಿರುವಿ, ಅಲೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಈ ಪುಸ್ತಕದಲ್ಲಿ ನನಗೆ ತುಂಬಾ ಪ್ರೀತಿಯ ಕೆಲಸ ಅಂದರೆ ಕೋಳಿ. ಅತ್ತೆಯ ಮನೆಯಲ್ಲಿ ಒಂದು ನಾಟಿ ಹ್ಯಾಟೆ ಕಾವಿಗೆ ಕೂತಿದೆ ಅಂತ ಗೊತ್ತಾಗಿ ಸ್ಕೆಚ್ ಪುಸ್ತಕ ಹಿಡಿದು ಓಡಿದೆ. ಕಾವಿಗೆ ಕೂತ ಕೋಳಿ ಅಂಗಳದಲ್ಲಿ ಓಡಾಡುವ ಕೋಳಿಯಲ್ಲ. ಅದರ ಆಕಾರವೇ ಬೇರೆ. ಗರಿಯೆಲ್ಲ ಕೆದರಿ, ಮೈ ಅಗಲ ಮಾಡಿ, ಬುಟ್ಟಿಯ ಅಂಚಿನವರೆಗೂ ಹರಡಿಕೊಂಡಿರುತ್ತದೆ. ಕುತ್ತಿಗೆ ಒಳಗೆ ಸೇರಿರುತ್ತದೆ. ಜುಟ್ಟಿನ ಕೆಂಪು ಬಿಳಿಚಿರುತ್ತದೆ. ಎದೆಯ ಗರಿ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುವ ಹಾಗಿರುತ್ತದೆ. ಬೆಚ್ಚಗಿರಲಿ ಅಂತ. ಕೈ ಹತ್ತಿರ ತಂದರೆ ಗಂಟಲೊಳಗೆ 'ಕುರ್ರ್' ಅನ್ನುತ್ತದೆ. ಕಣ್ಣು ಮಾತ್ರ ಅಲುಗುವುದಿಲ್ಲ. ಆಗೀಗ ಕೊಕ್ಕನ್ನ ಹೊಟ್ಟೆಯಡಿ ತೂರಿಸಿ ಮೊಟ್ಟೆಗಳನ್ನ ಹೊರಳಿಸುತ್ತದೆ. ದಿನಕ್ಕೊಮ್ಮೆ ಇಳಿದು, ಗಬಗಬನೆ ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಬಂದು ಕೂರುತ್ತದೆ. ನಾನು ಅದರ ಎದುರು ನೆಲದ ಮೇಲೆ ಮಲಗಿಕೊಂಡೇ ಬರೆದೆ. ಅತ್ತೆ ಕಾಫಿ ತಂದಿಟ್ಟು, "ಅದ್ರ ಕಣ್ಣಿಗೆ ನೀನು ಮುಂಗುಸಿ ಥರ ಕಾಣ್ತೀಯ, ದೂರ ಬಾ" ಅಂದಳು.

ಬಣ್ಣದ ತೀರ್ಮಾನ ಅಲ್ಲೇ ಆಯಿತು. ನನ್ನ ಕೋಳಿ ಕೆಂಪೂ ಅಲ್ಲ, ಕರಿಯೂ ಅಲ್ಲ. ಕೊಟ್ಟಿಗೆಯ ಕತ್ತಲಲ್ಲಿ ಅದಕ್ಕೆ ಬಣ್ಣ ಇಲ್ಲ. ಗರಿಯ ಅಂಚಿಗೆ ಬಿದ್ದ ಬೆಳಕು ಮಾತ್ರ ಇದೆ.

ಅತ್ತೆ ಚಿತ್ತಾರಗಿತ್ತಿ. ಮದುವೆ ಮನೆಗಳಲ್ಲಿ ಹಸೆ ಗೋಡೆಗೆ ಚಿತ್ತಾರ ಬರೆಯುವವಳು. ಪುಂಡಿ ನಾರಿನ ಕುಂಚ, ಕೆಮ್ಮಣ್ಣು, ಬಿಳಿಗೆ ಅಕ್ಕಿ ರುಬ್ಬಿದ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅಂಗಡಿಯಿಂದ ತಂದ ಬಣ್ಣ ಮುಟ್ಟುವುದಿಲ್ಲ. ಪ್ರಕಾಶನದ ವಿನ್ಯಾಸಕರು ಅತ್ತೆಯ ಕೆಲಸದ ಫೋಟೊ ನೋಡಿ ಕುಣಿದುಬಿಟ್ಟರು. "ಇಡೀ ಪುಸ್ತಕ ಇದೇ ಶೈಲಿಯಲ್ಲಿ ಮಾಡಿ, ಚೆನ್ನಾಗಿ ಹೋಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಚಿತ್ತಾರ ಸುಮ್ನೆ ಒಂದು ಶೈಲಿ ಅಲ್ಲ. ಅದು ಮದುವೆಯ ಗೋಡೆಗೆ, ಹಬ್ಬದ ಬುಟ್ಟಿಗೆ ಸೇರಿದ್ದು. ಎಳೆಗೆ ಎಳೆ ಸೇರಿಸಿ, ಅಳತೆ ತಪ್ಪದೆ, ಹೆಂಗಸರು ಹಾಡು ಹೇಳಿಕೊಂಡು ಬರೆಯುವುದು. ಅದರಲ್ಲಿ ಮದುಮಕ್ಕಳಿದ್ದಾರೆ, ದಂಡಿಗೆ ಇದೆ, ಹಕ್ಕಿಗಳಿವೆ. ಅತ್ತೆ ಬರೆಯುವ ಚಿತ್ತಾರದಲ್ಲಿ ಮುಳುಗುವ ಊರು ಇಲ್ಲ. ಚಿತ್ತಾರವನ್ನ ತಂದು ಕೋಳಿಗೂ ದೋಣಿಗೂ ಮೋಡಕ್ಕೂ ಸವರುವುದು ನನಗೆ ಸರಿ ಕಾಣಲಿಲ್ಲ, ಅದು ನಮ್ಮದೇ ಆಗಿದ್ದರೂ.

ಆದರೆ ಕತೆಯೊಳಗೆ ಚಿತ್ತಾರ ನಿಜವಾಗಿ ಎಲ್ಲಿತ್ತೋ ಅಲ್ಲಿ ಬಂದಿದೆ. ಬುಟ್ಟಿಯ ಮೇಲೆ ಇದೆ. ಮತ್ತೆ ಗೋಡೆಯ ಮೇಲೆ. ದೊಡ್ಡಜ್ಜಿಯ ಮದುವೆಗೆ ಬರೆದ ಹಸೆ ಚಿತ್ತಾರ ನೀರು ಬರುವ ಹೊತ್ತಿಗೆ ಇನ್ನೂ ಹೊಸದಾಗಿತ್ತಲ್ಲ! ಮಣ್ಣಿನ ಗೋಡೆ, ಕೆಮ್ಮಣ್ಣಿನ ಬಣ್ಣ. ನೀರು ತಾಗಿದರೆ ಕರಗದೆ ಇರುತ್ತದಾ? ಒಂದು ಜೋಡಿ ಪುಟ ಪೂರ್ತಿ ಆ ಗೋಡೆಗೆ ಕೊಟ್ಟಿದ್ದೇನೆ. ಅಲ್ಲಿನ ಎಳೆಗಳನ್ನ ಬರೆದವಳು ಅತ್ತೆಯೇ. ದಪ್ಪ ಹಲಗೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಬರೆದುಕೊಟ್ಟಳು. ಪುಸ್ತಕದ ಒಳಪುಟದಲ್ಲಿ ನನ್ನ ಹೆಸರಿನ ಪಕ್ಕ ಅವಳ ಹೆಸರೂ ಇರುತ್ತದೆ, ದುಡ್ಡಿನಲ್ಲಿ ಪಾಲೂ ಇದೆ. ಅದನ್ನ ಕರಾರಿನಲ್ಲೇ ಬರೆಸಿದೆ. ಹಲಗೆಯ ಕೆಳಗಿನ ಸಾಲಿಗೆ ನೀರು ಚಿಮುಕಿಸಿ ಕರಗಿಸಬೇಕಾಗಿ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಅತ್ತೆ ತಾನೇ ಚೊಂಬು ತೆಗೆದುಕೊಂಡು ಸುರಿದಳು. ಬಿಳಿ ಎಳೆ ಕೆಂಪಿನೊಳಗೆ ಇಳಿದು ಹೋಯಿತು. ನಾನು ಅದನ್ನ ಹಾಗೇ ಸ್ಕ್ಯಾನ್ ಮಾಡಿದೆ.

ಆ ಕೆಂಪು ಪ್ರೆಸ್ಸಿನಲ್ಲಿ ಬಂದದ್ದು ಬೇರೆಯೇ. ಪರದೆಯ ಮೇಲೆ ಕಾಣುವ ಬಣ್ಣ ಬೆಳಕಿನದು. ಕಾಗದದ ಮೇಲೆ ಬರುವುದು ನಾಲ್ಕು ಶಾಯಿಗಳ ಚುಕ್ಕೆ. ಮಕ್ಕಳ ಕಣ್ಣಿಗೆ ಹೊಳಪು ಹೊಡೆಯಬಾರದು ಅಂತ ನಾವು ಆರಿಸಿದ್ದು ಕೋಟಿಂಗ್ ಇಲ್ಲದ ಮ್ಯಾಟ್ ಕಾಗದ. ಅಂಥ ಕಾಗದ ಶಾಯಿ ಹೀರುತ್ತದೆ, ಬಣ್ಣ ಮಂಕಾಗುತ್ತದೆ. ಮೊದಲ ಪ್ರೂಫಿನಲ್ಲಿ ಕೆಮ್ಮಣ್ಣು ತಿಳಿ ಗುಲಾಬಿಗೆ ತಿರುಗಿತ್ತು. ಒಂದು ಚೀಟಿಗೆ ನಿಜವಾದ ಕೆಮ್ಮಣ್ಣು ಬಳಿದು ಪ್ರೆಸ್ಸಿನವರ ಮೇಜಿನ ಮೇಲೆ ಇಟ್ಟೆ. ಯಂತ್ರ ನಡೆಸುವ ಹಿರಿಯರು ಅದನ್ನ ಬೆರಳಲ್ಲಿ ಉಜ್ಜಿ ಮೂಸಿ ನೋಡಿ, "ನಮ್ಮೂರ ಮಣ್ಣೂ ಇದೇ" ಅಂದು ಹಳದಿ ಏರಿಸಿದರು, ಕಪ್ಪು ಸ್ವಲ್ಪ ಸೇರಿಸಿದರು. ಈಗ ಹತ್ತಿರ ಬಂದಿದೆ. ಇನ್ನೂ ಸ್ವಲ್ಪ ಬೇಕು.

ನಾನು ಪ್ರತಿ ಹಂತದಲ್ಲೂ ಅಕ್ಕನ ಮಗನಿಗೆ ತೋರಿಸುತ್ತಿದ್ದೆ. ಐದು ವರ್ಷದವನು, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊತ್ತು ನಾಟಿ ಮಾಡುವ ಹೆಂಗಸರನ್ನ ನೋಡಿ "ಇಷ್ಟೊಂದು ಆಮೆ!" ಅಂದ. ವಿನ್ಯಾಸಕರು ಹೆದರಿ, ಕೊಡೆ ಹಾಕೋಣ, ಗೊಂದಲ ಇರಲ್ಲ ಅಂದರು. ಬೇಡ ಅಂದೆ. ಆಮೆ ಅಂದುಕೊಂಡರೆ ಅಂದುಕೊಳ್ಳಲಿ. ಮುಂದಿನ ಪುಟದಲ್ಲಿ ಒಂದು ಆಮೆ ತಲೆಯೆತ್ತಿ ನಗುತ್ತದೆ, ಅದು ಅಮ್ಮ ಅಂತ ತಿಳಿಯುತ್ತದೆ. ಮಗು ಗುರುತು ಹಿಡಿಯದ ವಸ್ತುವನ್ನೆಲ್ಲ ತೆಗೆಯುತ್ತಾ ಹೋದರೆ ನಮ್ಮ ಕಡೆಯ ಪುಸ್ತಕದಲ್ಲಿ ಏನು ಉಳಿಯುತ್ತದೆ?

ಮರಿಗಳ ಲೆಕ್ಕದ ವಿಷಯದಲ್ಲಿ ಮಾತ್ರ ದೊಡ್ಡ ವಾದವೇ ಆಯಿತು. ಮಕ್ಕಳಿಗೆ ಎಣಿಸುವುದು ಇಷ್ಟ, ಕೊನೆಯ ಪುಟದಲ್ಲಿ ಹತ್ತು ಮರಿ ಸಾಲಾಗಿ ಬರಲಿ, ಒಂದರಿಂದ ಹತ್ತು ಕಲಿಯುವ ಪುಸ್ತಕವೂ ಆಗುತ್ತೆ ಅಂತ ಸಂಪಾದಕರು. ಅವರ ಮಾತಿನಲ್ಲಿ ತೂಕ ಇತ್ತು, ಅಂಗಡಿಯಲ್ಲಿ ಅಪ್ಪ ಅಮ್ಮ ಪುಸ್ತಕ ತಿರುವುವುದೇ ಹಾಗೆ. ಆದರೆ ಹತ್ತು ಅಂತ ಬರೆದುಬಿಟ್ಟರೆ ಜ್ವರ ಬಂದ ಒಂಟಿ ಮಗುವಿಗೆ ಏನು ಹೇಳುವುದು? ಕೊನೆಯ ಪುಟದಲ್ಲಿ ನಾನು ಮರಿಗಳನ್ನ ಹೊರಗೆ ತಂದೇ ಇಲ್ಲ. ಕೋಳಿ ಇದೆ, ಅದರ ರೆಕ್ಕೆಯಡಿ ಕತ್ತಲಿದೆ. ಅಲ್ಲೊಂದು ಕೊಕ್ಕು, ಇಲ್ಲೊಂದು ಕಾಲು, ಗರಿಯ ನಡುವೆ ಹೊಳೆಯುವ ಕಣ್ಣು. ಎಣಿಸಲು ಕೂತರೆ ಒಂದೊಂದು ಸಲ ಒಂದೊಂದು ಲೆಕ್ಕ ಸಿಗುವ ಹಾಗೆ ಬರೆದಿದ್ದೇನೆ. ಕೆಳಗೆ ಒಂದೇ ಪ್ರಶ್ನೆ: "ಎಷ್ಟು ಮರಿ?" ಅದರ ಪಕ್ಕ ಹೆಸರು ಬರೆಯಲು ಖಾಲಿ ಜಾಗ. ಸಂಪಾದಕರು ಇದನ್ನ ತಮ್ಮ ಮಗಳಿಗೆ ಓದಿಸಿದರಂತೆ. ಅವಳು ತನ್ನ ಹೆಸರು, ತಮ್ಮನ ಹೆಸರು, ಕೆಳಮನೆಯ ಬೆಕ್ಕಿನ ಹೆಸರು ಬರೆದಳಂತೆ. ಮೂರು ಮರಿ. ಅಲ್ಲಿಗೆ ವಾದ ನಿಂತಿತು.

ಅಪ್ಪನದು ಬೇರೆ ದೂರು. "ಕೋಳಿ ಬದುಕಿತು ಸರಿ. ಜನ ಏನಾದ್ರು? ಅದನ್ಯಾಕೆ ಬರೆದಿಲ್ಲ?" ಶರಾವತಿ ಮುಳುಗಡೆಯ ಜನರನ್ನ ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರಕ್ಕೆ ಎಷ್ಟೋ ಮನೆಗಳು ಅರವತ್ತು ವರ್ಷ ದಾಟಿದರೂ ಅಲೆಯುತ್ತಿವೆ. ಯಾರ ಮನೆಯ ದೀಪಕ್ಕೆ ಯಾರ ಗದ್ದೆ ಹೋಯಿತು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಉಳಿದವರಿಗೂ ಗೊತ್ತಾಗಬೇಕು. ಕತೆಯೊಳಗೆ ಅದನ್ನ ತುರುಕಲಿಲ್ಲ. ಪುಸ್ತಕದ ಹಿಂದಿನ ಒಳರಕ್ಷಾಪುಟದಲ್ಲಿ ದೊಡ್ಡವರಿಗಾಗಿ ಒಂದು ಪ್ಯಾರಾ ಬರೆದು ಅಪ್ಪನಿಗೆ ತೋರಿಸಿದೆ. ಎರಡು ಕಡೆ ತಿದ್ದಿದ. ಈಗ ಅದು ಅವನ ಭಾಷೆಯಲ್ಲೇ ಇದೆ.

ಎಲ್ಲ ಒಂದು ಹದಕ್ಕೆ ಬಂತು ಅಂದಾಗ ಡಮ್ಮಿ ತೆಗೆದುಕೊಂಡು ಅಜ್ಜಿಯ ಹತ್ತಿರ ಹೋದೆ. ದೊಡ್ಡಜ್ಜಿಯನ್ನೂ ಕರೆದುಕೊಂಡು ಬಂದೆವು. 2025ರ ಜುಲೈನಲ್ಲಿ ಹಿನ್ನೀರಿಗೆ ಸಿಗಂದೂರಿನ ಸೇತುವೆ ಆದ ಮೇಲೆ ಹೊಳೆ ದಾಟಲು ಲಾಂಚಿಗೆ ಕಾಯುವ ಕಷ್ಟ ಇಲ್ಲ. ಕಾರು ಸೇತುವೆ ಮೇಲೆ ಬರುವಾಗ ದೊಡ್ಡಜ್ಜಿ ಕಿಟಕಿ ಇಳಿಸಿಕೊಂಡು ಕೆಳಗೇ ನೋಡುತ್ತಿದ್ದಳು. ಅಕ್ಕ ತಂಗಿ ಇಬ್ಬರೂ ಜಗಲಿಯ ಮೇಲೆ ಕೂತು ಪುಟ ತಿರುವಿದರು. ಅಜ್ಜಿಗೆ ಓದು ಅಷ್ಟಕ್ಕಷ್ಟೇ, ಆದರೆ ಅವಳಿಗೆ ಓದುವ ಅಗತ್ಯ ಎಲ್ಲಿದೆ? ಬುಟ್ಟಿ ಬಂದ ಕೂಡಲೇ ಜಗಳ ಶುರು. ಕೋಳಿ ಕೂರಿಸಿದ್ದು ಗೊಬ್ಬರದ ಬುಟ್ಟಿಯಲ್ಲಿ, ಭೂಮಣ್ಣಿ ಬುಟ್ಟಿಯಲ್ಲಿ ಯಾರಾದ್ರೂ ಕೋಳಿ ಕೂರಿಸ್ತಾರಾ ಅಂತ ದೊಡ್ಡಜ್ಜಿ. "ನೀನು ಅವತ್ತು ಗಂಡನ ಮನೇಲಿದ್ದೆ, ಸುಮ್ನಿರು" ಅಂತ ಅಜ್ಜಿ. ನಾನು ಅಜ್ಜಿಯ ಕಡೆ.

ಅಂಗಳದ ಚಿತ್ರ ಬಂತು. ಅಜ್ಜಿ ಅಲ್ಲಿ ನಿಂತಳು. ಬೆರಳನ್ನ ಹೊಸ್ತಿಲಿನ ಮೇಲೆ ಇಟ್ಟು, "ನಾಯಿ ಎಲ್ಲಿ?" ಅಂದಳು.

ಯಾವ ನಾಯಿ? ಕತೆಯಲ್ಲಿ ನಾಯಿಯೇ ಇಲ್ಲ. ಇಷ್ಟು ವರ್ಷದಲ್ಲಿ ಯಾವ ಮಕ್ಕಳಿಗೂ ಅವಳು ನಾಯಿಯ ಸುದ್ದಿ ಹೇಳಿದ್ದಿಲ್ಲ. ನಾನು ದೊಡ್ಡಜ್ಜಿಯ ಮುಖ ನೋಡಿದೆ. ಅವಳು ಪುಟದಿಂದ ಕಣ್ಣು ತೆಗೆದು ಬೇರೆ ಕಡೆ ನೋಡಿದಳು. ಆಮೇಲೆ ಅಜ್ಜಿ ಹೇಳಿದಳು. ಕಂದು ಬಣ್ಣದ ನಾಯಿ. ಹೊಸ್ತಿಲಿನ ಪಕ್ಕ ಮಲಗುತ್ತಿತ್ತು. ದೋಣಿ ಹತ್ತಿಸಲು ನೋಡಿದರೆ ಹತ್ತಲಿಲ್ಲ, ಹೆದರಿ ಹಾರಿಕೊಂಡಿತು. ದೋಣಿ ಹೊರಟ ಮೇಲೆ ದಡದಲ್ಲೇ ಉದ್ದಕ್ಕೂ ಓಡುತ್ತಾ ಬಂತು. ಆಮೇಲೆ ಏನಾಯಿತು ಗೊತ್ತಿಲ್ಲ. ಮತ್ತೊಂದು ಸಲ ಸಾಮಾನು ತರಲು ಹೋದಾಗ ಅಜ್ಜಿಯ ಅಪ್ಪ ಕೂಗಿ ಕರೆದನಂತೆ. ಬರಲಿಲ್ಲ.

ನನ್ನ ಹೊಸ್ತಿಲಿನ ಚಿತ್ರದಲ್ಲಿ ಒಂದು ಖಾಲಿ ಜಾಗ ಇತ್ತು. ಎಡಗಡೆ ಏನೋ ಕಡಿಮೆಯಾಗಿದೆ ಅಂತ ನನಗೂ ಅನ್ನಿಸುತ್ತಿತ್ತು, ಒಂದು ಮೊರ ಇಟ್ಟು ತುಂಬಿಸಿದ್ದೆ. ಅಜ್ಜಿ ಬೆರಳಿಟ್ಟದ್ದು ಆ ಮೊರದ ಮೇಲೆ. ಕೋಳಿಯ ಕತೆಯನ್ನ ಅಷ್ಟು ಸಲ, ಅಷ್ಟು ಚೆಂದವಾಗಿ, ಎಲ್ಲ ಮಕ್ಕಳ ಹೆಸರು ಸೇರಿಸಿ ಅವಳು ಯಾಕೆ ಹೇಳುತ್ತಿದ್ದಳು ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಒಳಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ನಾಯಿಯನ್ನ ಬರೆಯಲಾ ಬೇಡವಾ ಅಂತ ಅವಳನ್ನೇ ಕೇಳಿದೆ. ಬರೆದರೆ ಮಕ್ಕಳು ಕೇಳುತ್ತಾರೆ, ನಾಯಿ ಎಲ್ಲಿ ಹೋಯ್ತು ಅಂತ. ಅಜ್ಜಿ ಬಹಳ ಹೊತ್ತು ಸುಮ್ಮನೆ ಕೂತಿದ್ದು, "ದೋಣೀಲಿ ಕೂರ್ಸು" ಅಂದಳು.

ಅಪ್ಪನಿಗೆ ಇದು ಹಿಡಿಸಲಿಲ್ಲ. ಆಗದೆ ಇದ್ದದ್ದನ್ನ ಹೇಗೆ ಬರೀತೀಯ, ನೋವು ಇದ್ದರೆ ಇರಲಿ, ಹಾಗೇ ಬರಿ ಅಂದ. ನಾನು ಇಲ್ಲಿ ಅಪ್ಪನ ಮಾತು ಕೇಳುವುದಿಲ್ಲ. ಆ ದಡದಲ್ಲಿ ಓಡಿದ ನಾಯಿ ಅಜ್ಜಿಯದು. ಅದನ್ನ ದೋಣಿಗೆ ಹತ್ತಿಸಿಕೊಳ್ಳುವ ಹಕ್ಕು ಅವಳೊಬ್ಬಳಿಗೇ ಇದೆ. ಅರವತ್ತು ವರ್ಷ ಆದ ಮೇಲೆ ಅವಳು ಕೇಳಿದ್ದಾಳೆ. ನನ್ನ ಕೈಯಲ್ಲಿ ಆಗುವ ಕೆಲಸ ಅದು.

ಹಾಗಾಗಿ ಪ್ರೆಸ್ಸಿಗೆ ಹೋಗಬೇಕಿದ್ದ ಪುಟಗಳನ್ನ ವಾಪಸ್ ತರಿಸಿಕೊಂಡೆ. ಅಂಗಳದ ಎಲ್ಲ ಪುಟಗಳಲ್ಲೂ ಈಗ ನಾಯಿ ಇದೆ. ಮೊದಲು ಹೊಸ್ತಿಲಿನ ಪಕ್ಕ, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ಜಗಲಿಯ ಮೇಲೆ. ನೀರಿನ ಗೆರೆ ಏರಿದ ಹಾಗೆ ಅದೂ ಏರುತ್ತದೆ. ಕತೆಯ ಮಾತಿನಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲ. ಅಜ್ಜಿಯ ಬಾಯಲ್ಲಿ ಬಾರದ್ದನ್ನ ನಾನು ಬರೆಯುವುದಿಲ್ಲ. ಕಷ್ಟ ಬಂದದ್ದು ದೋಣಿಯ ಪುಟದಲ್ಲಿ. ಅಲ್ಲಿ ಮೊದಲೇ ಜಾಗ ಇಲ್ಲ. ಜನ, ಚಾಪೆ ಸುರುಳಿ, ಹಂಡೆ, ಬೀಸುಕಲ್ಲು, ನಡುವೆ ಬುಟ್ಟಿ. ಅದೂ ಪುಸ್ತಕದ ಮಧ್ಯದ ಮಡಿಕೆಯಲ್ಲಿ ಯಾರ ಮುಖವೂ ಸಿಗಬಾರದು. ಬೀಸುಕಲ್ಲು ತೆಗೆದು ಅಲ್ಲಿ ನಾಯಿಯನ್ನ ಕೂರಿಸಿ ಫೋಟೊ ಕಳಿಸಿದೆ. ನಿನ್ನೆ ರಾತ್ರಿ ಅಜ್ಜಿಯ ಫೋನ್ ಬಂತು.

"ಬೀಸುಕಲ್ಲು ಯಾಕೆ ತೆಗ್ದೆ ಮಾರಾಯ್ತಿ? ಅದು ಬಂದಿದೆ, ಇಲ್ಲೇ ಹಿತ್ಲ ಕಡೆ ಇದೆಯಲ್ಲ. ಹಂಡೆ ತೆಗಿ. ಹಂಡೆ ತಂದಿದ್ದು ಎರಡನೇ ಸಲ."

ಹಂಡೆ ತೆಗೆದೆ. ನಾಯಿ ಈಗ ಬೀಸುಕಲ್ಲಿಗೆ ಒರಗಿ ಕೂತಿದೆ, ಮೂತಿ ಬುಟ್ಟಿಯ ಕಡೆ. ಬಾಲದ ತುದಿ ಮಡಿಕೆಯೊಳಗೆ ಹೋಗುತ್ತಿದೆ, ಅದನ್ನ ಸ್ವಲ್ಪ ಎಡಕ್ಕೆ ತರಬೇಕು. ಸೋಮವಾರ ಪ್ರೆಸ್ಸಿಗೆ ಕೊಡಬೇಕು.